ಎರಡು ಬೆರಳಿನ ಜಾಗ

ಬಸವಣಪ್ಪನವರು ಮೂರನೆಯ ಸಲ ಆಕ್ಸಿಜನ್ ಮಾಸ್ಕ್ ಕಿತ್ತಾಗ ಮೊದಲು ಮಾನಿಟರು ಕಿರುಚಿತು, ಆಮೇಲೆ ಸಿಸ್ಟರ್ ರುಬೀನಾ ಕಿರುಚಿದರು. ಆ ಗದ್ದಲಕ್ಕೆ ಪಕ್ಕದ ಹಾಸಿಗೆಯ ಗಯಾಬಾಯಿ ಎಂಬ ಮುದುಕಿ ಏನೆಂದು ತಿಳಿಯದೆ ತಾನೂ ಒಂದು ಸಲ ಕಿರುಚಿ ಮತ್ತೆ ಕಣ್ಣು ಮುಚ್ಚಿದಳು. ಹುಮನಾಬಾದಿನ ಆ ಆಸ್ಪತ್ರೆಯ ಐಸಿಯುವಿನಲ್ಲಿ ಕಿರುಚದೆ ಉಳಿದವರು ಇಬ್ಬರೇ. ಒಬ್ಬಳು ನರ್ಸ್ ಆಮ್ರಪಾಲಿ. ಅವಳು ಎರಡೇ ಹೆಜ್ಜೆಗೆ ಬಂದು ಮಾಸ್ಕನ್ನು ಮತ್ತೆ ಮೂಗು ಬಾಯಿಗೆ ಕೂಡಿಸಿದ್ದಳು. ಇನ್ನೊಬ್ಬರು ಸ್ವತಃ ಬಸವಣಪ್ಪನವರು. ಕಣ್ಣು ಅರೆ ಮುಚ್ಚಿ, ಕೆಳತುಟಿಯನ್ನು ನಾಲಗೆಯಿಂದ ಒತ್ತಿಕೊಳ್ಳುತ್ತ, ಜಗತ್ತಿನ ಗೊಡವೆಯೇ ಇಲ್ಲದವರ ಹಾಗೆ ಮಲಗಿದ್ದರು.

"ನಾ ಹೇಳಿದ್ದಿಲ್ಲೇನು?" ರುಬೀನಾ ಸೊಂಟದ ಮೇಲೆ ಕೈಯಿಟ್ಟರು. "ಮುಂಜಾನಿ ಬಂದು ಎಲ್ಲಾ ಬಿಚ್ಚಿ ಒಗದಿ. ತಾಸು ಆಗಿಲ್ಲ ಇನ್ನಾ. ನೋಡು ಈಗ ಮುತ್ಯಾನ ಕರಾಮತಿ."

"ಸಿಸ್ಟರ್, ಅವರು ಸರಳಿಗಿ ಕಟ್ಟಿದ್ರು. ಕೈ ಉಬ್ಬಿ ನೀಲಿ ಆಗಿತ್ತು. ಬಿಚ್ಚದೆ ಏನ್ ಮಾಡಲಿ?"

ರುಬೀನಾ ಮಾಸ್ಕಿನ ದಾರ ಸರಿಮಾಡಿದರು. ಹುಡುಗಿ ಹೇಳಿದ್ದು ಖರೆ ಎಂದು ಅವರಿಗೂ ಗೊತ್ತಿತ್ತು. ರಾತ್ರಿ ಪಾಳಿಯವರು ಗಾಬರಿಯಲ್ಲಿ ಬ್ಯಾಂಡೇಜ್ ಬಟ್ಟೆಯಿಂದ ಮುತ್ಯಾನ ಎರಡೂ ಮಣಿಕಟ್ಟುಗಳನ್ನು ಮಂಚದ ಪಕ್ಕದ ಸರಳಿಗೆ ಬಿಗಿದುಬಿಟ್ಟಿದ್ದರು. ಬೆಳಗ್ಗೆ ಆಮ್ರಪಾಲಿ ಕತ್ತರಿ ತಂದು ಕತ್ತರಿಸಿದಾಗ ಚರ್ಮದ ಮೇಲೆ ಕೆಂಪು ಬಳೆ ಮೂಡಿತ್ತು.

ನಿರ್ಣಾದ ಬಸವಣಪ್ಪನವರಿಗೆ ಅರವತ್ತೆಂಟು. ನ್ಯುಮೋನಿಯಾ ಆಗಿ ಬಂದು ಮೂರು ದಿನ ವೆಂಟಿಲೇಟರ್ ಮೇಲಿದ್ದರು. ನಿನ್ನೆ ಗಂಟಲ ಕೊಳವೆ ತೆಗೆದಾಗ ಗೆದ್ದೆವು ಎಂದು ಎಲ್ಲರೂ ಉಸಿರು ಬಿಟ್ಟಿದ್ದರು. ಆದರೆ ಜೀವ ಬಂದಷ್ಟು ಸಲೀಸಾಗಿ ಬುದ್ಧಿ ವಾಪಸು ಬರಲಿಲ್ಲ. ಹೆಸರು ಕೇಳಿದರೆ ಎತ್ತಿನ ಹೆಸರು ಹೇಳುತ್ತಾರೆ. ಕಣ್ಣು ತೆರೆದರೆ ಸೂರನ್ನೇ ನೋಡುತ್ತಾರೆ. ಸಂದು ಸಿಕ್ಕರೆ ಸಾಕು, ಕೈ ಮಾಸ್ಕಿಗೆ ಹೋಗುತ್ತದೆ. ಅದು ಸರಿದರೆ ಎರಡು ನಿಮಿಷದಲ್ಲಿ ರಕ್ತದ ಆಕ್ಸಿಜನ್ ಎಪ್ಪತ್ತೆಂಟಕ್ಕೆ ಇಳಿಯುತ್ತದೆ. ಇನ್ನೊಂದು ಸಲ ಕೊಳವೆ ಹಾಕುವ ಪ್ರಸಂಗ ಬಂದರೆ ಈ ಶ್ವಾಸಕೋಶ ತಡೆಯುವುದಿಲ್ಲ ಎಂದು ಡಾಕ್ಟರ್ ಗುರುಶಾಂತ ಬಾಯಿಬಿಟ್ಟೇ ಹೇಳಿದ್ದರು.

ಈಗ ಅವರೇ ಬಂದು, ನೋಡಿ, ಕೇಸ್ ಪೇಪರಿನ ಮೇಲೆ ಬರೆದರು. "ಎರಡು ಕೈ. ಇಪ್ಪತ್ನಾಲ್ಕು ತಾಸು. ನಾಳಿ ಮುಂಜಾನಿ ಒಂಬತ್ತಕ್ಕ ಮತ್ತ ನಾನ ಬಂದು ನೋಡ್ತೀನಿ. ಬೇಕಂದ್ರ ಮತ್ತ ಬರೀತೀನಿ, ಬ್ಯಾಡಂದ್ರ ಬಿಚ್ಚೂದು. ಆಮ್ರಪಾಲಿ, ನೀನ ಕಟ್ಟು."

ಆಮ್ರಪಾಲಿ ಕಟ್ಟಿದಳು. ಅವಳಿಗೆ ಕಟ್ಟುವುದೆಂದರೆ ಆಗದು; ಕಟ್ಟಲೇಬೇಕಾದರೆ ತಾನೇ ಕಟ್ಟಬೇಕು ಎಂಬ ಹಟ ಮಾತ್ರ ಜಬರ್ದಸ್ತಾಗಿತ್ತು. ಮೊದಲು ಮಣಿಕಟ್ಟಿನ ಸುತ್ತ ಹತ್ತಿ, ಅದರ ಮೇಲೆ ಮೆತ್ತನೆಯ ಪಟ್ಟಿ, ಪಟ್ಟಿಯ ಒಳಗೆ ತನ್ನ ಎರಡು ಬೆರಳು ತೂರಿಸಿ ಆಡಿಸಿ ನೋಡಿದಳು. ಎರಡು ಬೆರಳಿಗೆ ಜಾಗವಿದ್ದರೆ ರಕ್ತಕ್ಕೂ ಜಾಗವಿರುತ್ತದೆ. ಪಟ್ಟಿಯ ಬಾಲವನ್ನು ಸರಳಿಗಲ್ಲ, ಹಾಸಿಗೆಯ ಜೊತೆಗೇ ಏಳುವ ಬೀಳುವ ಮಂಚದ ಚೌಕಟ್ಟಿಗೆ ಕಟ್ಟಿದಳು. ಆ ಗಂಟನ್ನು ಅವಳು ನರ್ಸಿಂಗ್ ಶಾಲೆಯಲ್ಲಿ ಕಲಿಯುವ ಹೊತ್ತಿಗೆ ಅದಾಗಲೇ ಬರುತ್ತಿತ್ತು. ಅವಳಪ್ಪ ಜ್ಞಾನೇಶ್ವರ ರಾಜೇಶ್ವರವೆಂಬ ಊರಿನಲ್ಲಿ ಪರರ ಹೊಲದಲ್ಲಿ ದುಡಿದು, ಪರರ ಎತ್ತು ಕಟ್ಟಿ ಬಿಚ್ಚಿ ಮುದುಕನಾದವನು. ಎತ್ತು ಜಗ್ಗಿದರೆ ಬಿಗಿಯಬಾರದು, ಕೊಟ್ಟಿಗೆಗೆ ಬೆಂಕಿ ಬಿದ್ದರೆ ನಾವು ಒಂದು ಸಲ ಎಳೆದರೆ ಬಿಚ್ಚಬೇಕು, ಅಂಥದ್ದೇ ಗಂಟು ಎನ್ನುತ್ತಿದ್ದ. ಬೀದರಿನಲ್ಲಿ ಟೀಚರು ಬೋರ್ಡಿನ ಮೇಲೆ ಅದರ ಚಿತ್ರ ಬರೆದಾಗ ಆಮ್ರಪಾಲಿ ಫಕ್ಕನೆ ನಕ್ಕು ಬೈಸಿಕೊಂಡಿದ್ದಳು.

ಹನ್ನೊಂದು ಗಂಟೆಗೆ ಭೇಟಿಯ ಹೊತ್ತು. ಬಸವಣಪ್ಪನವರ ಹೆಂಡತಿ ಸುಂದರಬಾಯಿ ಒಳಗೆ ಬಂದರು. ಕುಳ್ಳಗಿನ ಹೆಂಗಸು, ದನಿ ಮಾತ್ರ ಆಳೆತ್ತರ. ಸೊಂಟದಲ್ಲಿ ಎಲೆ ಅಡಿಕೆಯ ಬಟ್ಟೆಚೀಲ, ನಮ್ಮ ಕಡೆ ಚಂಚಿ ಎನ್ನುತ್ತಾರಲ್ಲ, ಅದು ಸಿಕ್ಕಿಸಿತ್ತು. ಗಂಡನ ಕೈ ನೋಡಿದ್ದೇ ತಡ, ಅವರ ಮುಖ ಕೆಂಡವಾಯಿತು.

"ಕಟ್ಟೀರಿ? ನಮ್ಮ ಮಾಲಕರನ್ನ ಕಟ್ಟಿ ಹಾಕೀರಿ? ಏನ್ ಕಳವು ಮಾಡ್ಯಾರ? ಯಾರ ಕಣಜಕ್ಕ ಕನ್ನ ಹಾಕ್ಯಾರ? ನಿರ್ಣಾದಾಗ ಈ ಮನಶ್ಯಾ ಬರಾಕತ್ತಾರ ಅಂದ್ರ ಕಟ್ಟೀ ಮ್ಯಾಲ ಕೂತವರು ಎದ್ದು ನಿಲ್ತಾರ!"

"ಆಯಿ, ಜರಾ ಕೇಳ್ರಿ..."

"ಏನ್ ಕೇಳೂದು? ಆಕಳ ಕರುಕ್ಕೂ ಹಿಂಗ ಕಟ್ಟಂಗಿಲ್ಲ ನಾವು. ಮಣಿಕಟ್ಟ ನೋಡು, ಹ್ಯಾಂಗ ಕೆಂಪಾಗ್ಯಾದ! ಅಯ್ಯ ನನ್ನ ಶಿವನ!"

ಸುಂದರಬಾಯಿ ಅತ್ತರು. ಅಳುವುದು ಮುಗಿಯುವ ತನಕ ಆಮ್ರಪಾಲಿ ಕಾದಳು. ರಾತ್ರಿ ಆದ ತಪ್ಪನ್ನು ಮುಚ್ಚಿಡಲಿಲ್ಲ; ಆ ಕೆಂಪು ನಮ್ಮಿಂದಲೇ ಆದದ್ದು ಎಂದು ಒಪ್ಪಿಕೊಂಡಳು. ಆಮೇಲೆ ಇನ್ನೊಂದು ಪಟ್ಟಿ ತಂದು, "ಆಯಿ, ನಿಮ್ಮ ಕೈ ಕೊಡ್ರಿ" ಎಂದಳು. ಮುದುಕಿ ಬೆರಗಿನಿಂದ ಕೈ ಚಾಚಿದರು. ಬಳೆ ಮೇಲೆ ಸರಿಸಿ ಪಟ್ಟಿ ಸುತ್ತಿ, ಬಾಲವನ್ನು ಕುರ್ಚಿಯ ಕಾಲಿಗೆ ಕಟ್ಟಿದಳು.

"ಈಗ ನಿಮ್ಮ ಎರಡು ಬೆರಳು ಒಳಗ ಹಾಕ್ರಿ. ಹೋದ್ವಿಲ್ಲೋ? ಜಗ್ಗ್ರಿ ಈಗ. ನೋವಾಗ್ತದೇನು?"

"ಇಲ್ಲ."

"ಈಗ ನಾ ಜಗ್ತೀನಿ ನೋಡ್ರಿ." ಬಾಲವನ್ನು ಒಂದು ಸಲ ಎಳೆದಳು. ಗಂಟು ಸರಕ್ಕನೆ ಬಿಚ್ಚಿಕೊಂಡಿತು. "ಎರಡು ತಾಸಿಗೊಮ್ಮಿ ಒಂದೊಂದ ಕೈ ಬಿಚ್ಚಿ ತಿಕ್ಕಿ ಆಡಸ್ತೀನಿ. ಕಾಲು ತಾಸಿಗೊಮ್ಮಿ ಬೆರಳು ಬೆಚ್ಚಗ ಅದಾವೋ ಇಲ್ಲೋ ಮುಟ್ಟಿ ನೋಡ್ತೀನಿ. ಅವರು ಮಾಸ್ಕ್ ಕೀಳೂದು ಬಿಟ್ಟ ಮರುಗಳಿಗ್ಯಾಗ ಬಿಚ್ತೀನಿ. ಇದು ಶಿಕ್ಷಾ ಅಲ್ರಿ ಆಯಿ."

ಸುಂದರಬಾಯಿ ಬಿಚ್ಚಿದ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಗಂಟು ಮೆಚ್ಚಿಗೆಯಾಗಿತ್ತು. ಆದರೆ ಕಟ್ಟು ಕಟ್ಟೇ. "ನೀ ಛಲೋ ಹುಡುಗಿ ಅದೀ ಅವ್ವಿ. ಖರೆ ನನಗ ಇದನ್ನ ನೋಡೂದು ಆಗಂಗಿಲ್ಲ. ನಾಳಿ ಹತ್ತು ಗಂಟೆಕ್ಕ ನನ್ನ ಮಗ ಅಂಬರೀಷ ಜೀಪ್ ತರ್ತಾನ. ಅಷ್ಟರೊಳಗ ಕೈ ಬಿಚ್ಚಿದ್ರಿ, ಪಾಡು. ಇಲ್ಲಂದ್ರ ಮನೀಗಿ ಒಯ್ತೀನಿ. ಸತ್ತರೂ ಬಿಡುಗಡಿಯಾಗಿ ಸಾಯಲಿ."

"ಆಯಿ, ಆಕ್ಸಿಜನ್ ಬಿಟ್ಟರ ಇವರು ಹಳ್ಳಿಖೇಡ ಸೈತ ದಾಟಂಗಿಲ್ಲ," ಎಂದರು ಡಾಕ್ಟರ್ ಗುರುಶಾಂತ ಹಿಂದಿನಿಂದ. ಮುದುಕಿಯ ದನಿ ಕೇಳಿ ಬಂದಿದ್ದರು. "ಒಂದು ಮಾತು ಹೇಳ್ರಿ. ಇವರಿಗಿ ಏನರ ಚಟ ಅದಾವೇನು? ಸೆರೆ, ಬೀಡಿ, ತಂಬಾಕ? ದಿನಾ ತಗೊಳ್ಳೂದು ಒಮ್ಮಿಗೇ ಬಂದ್ ಆದ್ರ ಹಿಂಗ ತಲಿ ತಿರುಗ್ತದ."

ಸುಂದರಬಾಯಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು. "ಡಾಕ್ಟರ್ ಸಾಹೇಬ್ರ, ನೀವು ಹೊಸಬರು ಅಂತ ಕಾಣ್ತದ. ನಮ್ಮ ಮಾಲಕರು ನಿರ್ಣಾದ ವ್ಯಸನಮುಕ್ತಿ ಸಂಘದ ಅಧ್ಯಕ್ಷರು. ಏಳು ವರ್ಷ ಆತು, ಬಸವಕಲ್ಯಾಣದಾಗ ಅಪ್ಪಾವರ ಜೋಳಿಗ್ಯಾಗ ಬೆಳ್ಳಿ ಡಬ್ಬಿ ಸಮೇತ ತಂಬಾಕ ಹಾಕಿ ಬಂದಾರ. ಸಾವಿರ ಮಂದಿ ಚಪ್ಪಾಳಿ ತಟ್ಯಾರ. ಚಟ ಅಂದ್ರ ಏನಂತ ನಮ್ಮ ಮನಿ ಬೆಕ್ಕಿಗಿ ಸೈತ ಗೊತ್ತಿಲ್ಲ."

ಡಾಕ್ಟರು ತಲೆಯಾಡಿಸಿ ಹೋದರು. ಸ್ವಾಮಿಗಳು ಜೋಳಿಗೆ ಹಿಡಿದು ಊರೂರಿಗೆ ಬಂದು ಹಣ ಬೇಡದೆ ಜನರ ಚಟಗಳನ್ನು ಬೇಡುವುದು ಆ ಸೀಮೆಯಲ್ಲಿ ಎಲ್ಲರೂ ಕಂಡದ್ದು. ಆ ಜೋಳಿಗೆಗೆ ಹಾಕಿದ್ದನ್ನು ಮತ್ತೆ ಮುಟ್ಟುವ ಎದೆ ಯಾರಿಗಿದೆ?

ಮಧ್ಯಾಹ್ನದ ಹೊತ್ತಿಗೆ ಆಮ್ರಪಾಲಿ ಲೆಕ್ಕದ ಪ್ರಕಾರ ಬಲಗೈ ಬಿಚ್ಚಿದಳು. ಎಣ್ಣೆ ಹಚ್ಚಿ ತಿಕ್ಕಿದಳು, ಬೆರಳು ಮಡಚಿ ಬಿಡಿಸಿದಳು. ಕೈ ಮಾಸ್ಕಿಗೆ ಹೋಗುತ್ತದೆಂದು ಕಾಯುತ್ತಿದ್ದಳು. ಹೋಗಲಿಲ್ಲ. ಮಂಚದ ಆ ಬದಿಗೆ, ಕಟ್ಟಿದ್ದ ಎಡಗೈಯನ್ನು ಹುಡುಕಿಕೊಂಡು ಹೋಯಿತು. ಅರ್ಧ ದಾರಿಯಲ್ಲಿ ನಿಂತು, ಹೆಬ್ಬೆರಳು ಗಾಳಿಯಲ್ಲೇ ಏನನ್ನೋ ಒರೆಸಿತು. ಆಮೇಲೆ ಎಡಗೈ ಬಿಚ್ಚಿದಾಗ ಅದು ಬಟ್ಟಲಾಗಿ ಅಂಗೈ ಮೇಲಾಗಿ ಎದೆಯ ಮೇಲೆ ಬಂದು ಕೂತಿತು. ಅಲ್ಲಿಯೇ ಇತ್ತು, ಯಾರಿಗೋ ಕಾಯುವ ಹಾಗೆ.

ಅವಳಿಗೆ ಅದು ಮರೆಯಲಿಲ್ಲ. ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತಾಗಲೂ ಆ ಹೆಬ್ಬೆರಳು ಕಣ್ಣಮುಂದೆ ಆಡುತ್ತಿತ್ತು. ಮಾಸ್ಕ್ ಕೀಳುವವರ ಕೈ ಸಿಟ್ಟಿನಲ್ಲಿ ಇರುತ್ತದೆ, ಪರಚುತ್ತದೆ. ಈ ಕೈಯಲ್ಲಿ ಸಿಟ್ಟೇ ಇಲ್ಲ. ಇದು ಏನೋ ಕೆಲಸದಲ್ಲಿದೆ.

ಮಾರನೆಯ ದಿನ ಬೆಳಗ್ಗೆ ಎಂಟೂವರೆಗೆ ಅವಳು ರುಬೀನಾರ ಮೇಜಿನ ಮುಂದೆ ನಿಂತಿದ್ದಳು.

"ಎರಡೂ ಕೈ ಒಮ್ಮಿಗೇ ಬಿಚ್ತೀನ್ರಿ ಸಿಸ್ಟರ್. ಐದು ನಿಮಿಷ."

"ಯಾ ಅಲ್ಲಾ! ಒಂದೊಂದ ಬಿಚ್ಚಬೇಕಂತ ಹೇಳಿಕೊಟ್ಟಾಕಿ ನಾನು. ನನ್ನ ಮುಂದ ಬಂದು ಎರಡು ಅಂತೀ?"

"ಒಂದೊಂದು ಬಿಚ್ಚಿದ್ರ ಅವರು ಏನ್ ಮಾಡಾಕತ್ತಾರ ಅಂತ ತಿಳಿಯಂಗಿಲ್ಲ. ಅವರದು ಎರಡು ಕೈ ಕೆಲಸ ಅದ. ನೀವು ಆ ಕಡೆ ನಿಲ್ರಿ, ನಾ ಈ ಕಡೆ ನಿಲ್ತೀನಿ. ಮಾಸ್ಕಿಗಿ ಬೆರಳು ಹತ್ತೂದರೊಳಗ ಹಿಡೀತೀವಿ. ಒಂಬತ್ತಕ್ಕ ಡಾಕ್ಟರ್ ಮತ್ತ ಬರೀತಾರ, ಹತ್ತಕ್ಕ ಆಯಿ ಜೀಪ್ ತರ್ತಾಳ. ಆಮ್ಯಾಲ ನೋಡಾಕ ಮುತ್ಯಾನ ಇರಂಗಿಲ್ಲ."

ರುಬೀನಾ ಅವಳ ಮುಖವನ್ನೇ ನೋಡಿದರು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವರು ಬಹಳ ಹಟಮಾರಿ ಹುಡುಗಿಯರನ್ನು ಕಂಡಿದ್ದರು. ಅವರಲ್ಲಿ ಒಬ್ಬಳು ತಾವೇ. ಎದ್ದು ಕೈ ತೊಳೆದುಕೊಂಡರು. ಹೊರಗೆ ಬೆಂಚಿನ ಮೇಲೆ ಆರು ಗಂಟೆಯಿಂದ ಕೂತಿದ್ದ ಸುಂದರಬಾಯಿಯನ್ನೂ ಒಳಗೆ ಕರೆದು ಮಂಚದ ಕಾಲ ಬಳಿ ನಿಲ್ಲಿಸಿದರು.

ಎರಡು ಎಳೆತಕ್ಕೆ ಎರಡು ಗಂಟೂ ಬಿಚ್ಚಿದವು.

ಬಸವಣಪ್ಪನವರ ಕೈಗಳು ಸ್ವಲ್ಪ ಹೊತ್ತು ಹಾಸಿಗೆಯ ಮೇಲೆ ಹಾಗೇ ಬಿದ್ದಿದ್ದವು. ಆಮೇಲೆ ಎಡಗೈ ಎದ್ದು ಎದೆಯ ಮೇಲೆ ಬಂದು ಅಂಗೈ ತೆರೆಯಿತು. ಬಲಗೈ ಬಂದು ಇಲ್ಲದ ಡಬ್ಬಿಯೊಂದರ ಮುಚ್ಚಳ ತೆಗೆಯಿತು, ಚಿಟಿಕೆಯಷ್ಟು ಏನನ್ನೋ ಅಂಗೈಗೆ ಹಾಕಿತು. ಡಬ್ಬಿ ತಿರುಗಿತು. ಹೆಬ್ಬೆರಳ ಉಗುರು ಇನ್ನೊಂದು ಬದಿಯಿಂದ ಸ್ವಲ್ಪ ಕೆರೆದು ತೆಗೆಯಿತು. ಆಮೇಲೆ ಹೆಬ್ಬೆರಳು ಅಂಗೈಯನ್ನು ತಿಕ್ಕತೊಡಗಿತು. ಅವಸರವಿಲ್ಲ. ಹದ ಗೊತ್ತಿದ್ದ ಹೆಬ್ಬೆರಳು. ತಿಕ್ಕಿ ತಿಕ್ಕಿ, ನಾಲ್ಕು ಬೆರಳು ಕೂಡಿಸಿ ಅಂಗೈಯ ಮೇಲೆ ಪಟ್, ಪಟ್, ಪಟ್ ಎಂದು ಮೂರು ಸಲ ತಟ್ಟಿದರು. ಇಲ್ಲದ ಧೂಳಿಗೆ ರುಬೀನಾ ಮೂಗು ಹಿಂದಕ್ಕೆ ಎಳೆದುಕೊಂಡರು.

ಆಮ್ರಪಾಲಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಇದನ್ನು ಅವಳು ಹುಟ್ಟಿದಾಗಿನಿಂದ ಕಂಡಿದ್ದಳು. ಅಪ್ಪ ಬದುವಿನ ಮೇಲೆ ಕೂತು ಮಾಡುತ್ತಿದ್ದದ್ದು ಇದೇ, ಇದೇ ಹೆಬ್ಬೆರಳು, ಇದೇ ಮೂರು ಏಟು. ನಿನ್ನೆ ಕೈಗಳನ್ನು ದೂರ ದೂರ ಕಟ್ಟಿದ್ದಕ್ಕೆ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ಆದರೆ ಮುತ್ಯಾ ಇನ್ನೂ ಮುಗಿಸಿರಲಿಲ್ಲ. ತಿಕ್ಕಿದ್ದನ್ನು ಒಬ್ಬನೇ ಬಾಯಿಗೆ ಹಾಕಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಅಂಗೈಯನ್ನು ಮೊದಲು ರುಬೀನಾರ ಕಡೆ ಚಾಚಿದರು, ಆಮೇಲೆ ಆಮ್ರಪಾಲಿಯ ಕಡೆ ಚಾಚಿ ಒಂದು ಗಳಿಗೆ ತಡೆದರು. ಇಬ್ಬರೂ ತೆಗೆದುಕೊಳ್ಳದಿದ್ದಾಗ ಉಳಿದದ್ದನ್ನೆಲ್ಲ ಚಿಟಿಕೆಯಲ್ಲಿ ಎತ್ತಿ, ಎಡಗೈಯಿಂದ ಮಾಸ್ಕನ್ನು ಬಹಳ ವಿನಯದಿಂದ, ಮನೆಯ ಬಾಗಿಲು ಸರಿಸುವ ಹಾಗೆ ಸರಿಸಿದರು.

ರುಬೀನಾ ಟಪಕ್ಕನೆ ಆ ಕೈ ಹಿಡಿದರು. "ತೋಬಾ ತೋಬಾ! ಮುತ್ಯಾ ಮಾಸ್ಕ್ ಕೀಳಾಕತ್ತಿಲ್ಲ! ತಂಬಾಕ ಹಾಕ್ಕೊಳಾಕತ್ತಾನ! ಇದು ಅಡ್ಡ ಬಂದಾದ, ಅದಕ್ಕ ತೆಗೀತಾನ!" ಎಂದವರು ನಗು ತಡೆಯಲಾರದೆ ಹಾಸಿಗೆಯ ಅಂಚಿಗೆ ಒರಗಿದರು. ಆಮ್ರಪಾಲಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು. ಮಾಸ್ಕ್ ಸರಿಮಾಡುತ್ತಲೇ ನಕ್ಕಳು. ಗಯಾಬಾಯಿ ಕಣ್ಣು ತೆರೆದು ನೋಡಿ, ಈ ಸಲ ಕಿರುಚದೆ ತಾನೂ ಬೊಚ್ಚುಬಾಯಿ ತೆರೆದು ನಕ್ಕಳು.

ನಗದೆ ಇದ್ದವರು ಸುಂದರಬಾಯಿ ಒಬ್ಬರೇ. ಅವರು ಗೋಡೆಯ ಗಡಿಯಾರವನ್ನು ಓದುತ್ತಿದ್ದರು.

ಆಮ್ರಪಾಲಿ ಮೆಲ್ಲಗೆ ಅವರ ಪಕ್ಕ ಹೋಗಿ ನಿಂತಳು. "ಆಯಿ, ಏಳು ವರ್ಷದ ಹಿಂದ ಬಿಟ್ಟ ಕೈ ಇಷ್ಟು ಬರೋಬ್ಬರಿ ತಿಕ್ಕಂಗಿಲ್ರಿ."

"ನೀ ಏನ್ ಮಾತಾಡ್ತಿ..."

"ನೀವು ಹೇಳಿದ್ರ ಡಾಕ್ಟರ್ ಔಷಧ ಕೊಡ್ತಾರ. ಹೇಳದಿದ್ರ ಒಂಬತ್ತಕ್ಕ ಮತ್ತ ಕಟ್ಟೂದ. ನನಗಂತೂ ಮನಸಿಲ್ಲ. ನಿಮಗ ಅದೇನು?"

ಆಗಲೇ ಬಾಗಿಲು ತೆರೆದು ಡಾಕ್ಟರ್ ಗುರುಶಾಂತ ಬಂದರು. ಬಾಗಿಲ ಆಚೆ ಸಂದಿನಲ್ಲಿ ಹೇಳಿದ ಹೊತ್ತಿಗಿಂತ ಮೊದಲೇ ಬಂದ ಮಗ ಅಂಬರೀಷನೂ, ಅವನ ಜೊತೆ ಜೀಪಿನಲ್ಲಿ ಬಂದಿದ್ದ ಸಂಗಪ್ಪನೂ ಕಂಡರು. ಸಂಗಪ್ಪ ವ್ಯಸನಮುಕ್ತಿ ಸಂಘದ ಕಾರ್ಯದರ್ಶಿ. ಹೆಗಲ ಮೇಲೆ ಸಂಘದ ಬಿಳಿ ಶಲ್ಯ, ಕೈಯಲ್ಲಿ ಅಧ್ಯಕ್ಷರಿಗೆಂದು ತಂದ ಹಾರ. ಅವನನ್ನು ನೋಡಿ ಸುಂದರಬಾಯಿ ಸೆರಗನ್ನು ಸೊಂಟದ ಚಂಚಿಯ ಮೇಲೆ ಎಳೆದುಕೊಂಡರು. ಒಳಗೆ ಹೇಳಿದ್ದು ಹೊರಗೆ ಕೇಳುತ್ತದೆ, ಹೊರಗೆ ಕೇಳಿದ್ದು ಸಂಜೆಯೊಳಗೆ ನಿರ್ಣಾ ಮುಟ್ಟುತ್ತದೆ. ಏಳು ವರ್ಷದ ಮಾನ.

ಡಾಕ್ಟರು ಕೇಸ್ ಪೇಪರ್ ತೆಗೆದುಕೊಂಡು ಪೆನ್ನಿನ ಟೊಪ್ಪಿಗೆ ಬಿಚ್ಚಿದರು. ಇದು ಆಯಿಯ ಮಾತು, ಆಯಿಯೇ ಆಡಬೇಕು ಎಂದು ಆಮ್ರಪಾಲಿ ತುಟಿ ಕಚ್ಚಿ ನಿಂತಳು.

"ತಡೀರಿ," ಎಂದರು ಸುಂದರಬಾಯಿ. ಆಳೆತ್ತರದ ದನಿ ಹೊರಡಲೇ ಇಲ್ಲ. ಕೆಮ್ಮಿ ಮತ್ತೆ ಎತ್ತಿಕೊಂಡರು. "ಬರೀಬ್ಯಾಡ್ರಿ. ನಮ್ಮ ಮಾಲಕರು ತಂಬಾಕ ತಿಂತಾರ. ಬಿಟ್ಟದ್ದು ಹದಿನೆಂಟು ದಿನ. ಹತ್ತೊಂಬತ್ತನೇ ದಿನ ಮುಂಜಾನಿ ಹೊಟ್ಟಿ ಹಿಡಕೊಂಡು ಕೂತ್ರು. ನನಗ ನೋಡಾಕ ಆಗಲಿಲ್ಲ. ನಾನ ತಿಕ್ಕಿ ಕೊಟ್ಟೆ. ಅಂದಿನಿಂದ ದಿನಾ ಮುಂಜಾನಿ ಒಲಿ ಮುಂದ ನಾನ ತಿಕ್ಕಿ ಕೊಡ್ತೀನಿ, ಆಮ್ಯಾಲ ಹಗಲೆಲ್ಲ ಹೊಲದಾಗ ಅವರ ಕೈಲೆ ಅವರು. ಭಾಷಣ ಮಾಡಾಕ ಹೋಗುಮುಂದ ಬಾಯಿ ಮುಕ್ಕಳಸ್ಕೊಂಡು ಹೋಗ್ತಾರ. ಹೇಳೂದು ಪುರಾಣ, ತಿನ್ನೂದು ಬದನೀಕಾಯಿ! ನಿನ್ನೆ ನಾ ಸುಳ್ಳು ಹೇಳ್ದೆ. ಅವರ ಮಾನ ಉಳಸಾಕ ಹೋಗಿ ಅವರ ಕೈ ಕಟ್ಟಸ್ದೆ. ಇಕಾ!" ಎಂದು ಸೊಂಟದ ಚಂಚಿ ಕಿತ್ತು ಹಿಡಿದರು. ಅದರೊಳಗೆ ಎಲೆ ಅಡಿಕೆ ಇರಲಿಲ್ಲ. ಒಂದು ಹಿತ್ತಾಳೆ ಡಬ್ಬಿ ಇತ್ತು, ಒಂದು ಬದಿಗೆ ತಂಬಾಕು, ಒಂದು ಬದಿಗೆ ಸುಣ್ಣ.

ಬಾಗಿಲ ಸಂದಿನಿಂದ ಸಂಗಪ್ಪ ಒಳಗೆ ತಲೆ ಹಾಕಿದ. ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ತನ್ನ ಕೊರಳಿಗೇ ಹಾಕಿಕೊಂಡಿದ್ದ.

"ಕಾಕೂ, ನೀವು ಯಾಕ ಇಷ್ಟು ಸಂಕಟ ಮಾಡ್ಕೋತೀರಿ? ಆ ಡಬ್ಬಿ ತುಂಬೂ ಸರಕು ಎಲ್ಲಿಂದ ಬರ್ತಿತ್ತು ಅಂದುಕೊಂಡ್ರಿ?"

"ಮಾಣಿಕನಗರದಿಂದ ತರ್ತಾರಲ್ಲಪ್ಪಾ, ಗುರುವಾರಕ್ಕೊಮ್ಮಿ..."

"ತರಾಂವ ನಾನ ರೀ. ನನಗೂ ಬೇಕಲ್ಲ."

ಅಂಬರೀಷ ಸಂಗಪ್ಪನನ್ನೂ ಅವ್ವನನ್ನೂ ಒಂದು ಸಲ ನೋಡಿದ. "ಅವ್ವಾ, ನಮ್ಮ ಓಣ್ಯಾಗ ಎಲ್ಲಾರಿಗೂ ಗೊತ್ತದ. ಅಪ್ಪ ಬರ್ತಾನಂದ್ರ ಮಂದಿ ಕಟ್ಟೀ ಮ್ಯಾಲಿಂದ ಎದ್ದು ಹೋಗೂದು ಯಾಕ? ಅವನಿಗಿ ಅಲ್ಲಿ ಕೂತು ನಿವಾಂತ ತಿಕ್ಕಾಕ ಜಾಗ ಸಿಗಲಿ ಅಂತ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು. ಊರಿಗೆ ಊರೇ ಬೆಕ್ಕಿನ ಮೇಲಿನ ಪ್ರೀತಿಗೆ ಇತ್ತ ಬೆನ್ನು ಮಾಡಿ ನಿಂತಿತ್ತು. ಸುಂದರಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಕ್ಕು ನಕ್ಕು ಮಂಚದ ಕಾಲು ಹಿಡಿದು ಕೂತೇಬಿಟ್ಟರು. ಏಳು ವರ್ಷ ಎದೆಯ ಮೇಲೆ ಹೊತ್ತದ್ದನ್ನು ಇಳಿಸಿದ ಸುಖ ಇರಬೇಕು, ಅಷ್ಟು ಹಗುರಾಗಿ ಅವರು ಆ ಆಸ್ಪತ್ರೆಗೆ ಬಂದ ಮೇಲೆ ನಕ್ಕಿರಲಿಲ್ಲ.

ಡಾಕ್ಟರ್ ಗುರುಶಾಂತ ಮುಖ ಗಂಭೀರವಾಗಿಟ್ಟುಕೊಳ್ಳಲು ಬಹಳ ಪ್ರಯತ್ನಪಟ್ಟರು. "ಜ್ವರ, ನಿದ್ದಿ ಇಲ್ಲದ್ದು, ಅದರ ಮ್ಯಾಲ ಇದು. ಮೈ ಬೇಡಾಕತ್ತಾದ, ತಪ್ಪೇನಿಲ್ಲ. ತೋಳಿಗಿ ಅಂಟಸೂ ಪಟ್ಟಿ ಬರ್ತದ, ತಂಬಾಕಿನ ಸತ್ವ ಅದರೊಳಗಿಂದ ಹಂತ ಹಂತವಾಗಿ ಇಳೀತದ. ಬೀದರಕ್ಕ ಹೋಗಿ ತರಬೇಕು. ಜೀಪ್ ಹ್ಯಾಂಗೂ ಬಂದಾದಲ್ಲ?"

ಮನೆಗೆ ಒಯ್ಯಲು ಬಂದ ಜೀಪು ಹಾಗೇ ಬೀದರಿನ ದಾರಿ ಹಿಡಿಯಿತು.

"ಅದು ಬರೂತನ ಕೈ?" ರುಬೀನಾ ಕೇಳಿದರು.

ಆಮ್ರಪಾಲಿ ಅದನ್ನು ಆಗಲೇ ಯೋಚಿಸಿಟ್ಟಿದ್ದಳು. "ಕಟ್ಟೂದು ಬ್ಯಾಡ್ರಿ ಸರ್. ತಿಕ್ಕಾಕ ಎರಡು ಕೈ ಬೇಕು. ಆಯಿ ಪಕ್ಕದಾಗ ಕೂತು ಎಡಗೈ ಹಿಡಕೊಂಡ್ರ ಮುಗೀತು. ಬಲಗೈ ಒಂದ ಏನ್ ಮಾಡ್ತದ? ನಾನೂ ಇಲ್ಲೇ ಇರ್ತೀನಿ, ಕಣ್ಣು ಬಿಡಂಗಿಲ್ಲ."

ಡಾಕ್ಟರು ಪೆನ್ನಿನ ಟೊಪ್ಪಿಗೆ ಮತ್ತೆ ಹಾಕಿದರು. ಆಮೇಲೆ ಏನೋ ನೆನಪಾಗಿ ತೆಗೆದು, ನಿನ್ನೆ ಬರೆದ ಸಾಲಿನ ಕೆಳಗೆ 'ಬಿಚ್ಚುವುದು' ಎಂದು ಬರೆದು ಸಹಿ ಹಾಕಿದರು. ಐಸಿಯುವಿನಲ್ಲಿ ಹಗಲೆಲ್ಲ ಸಂಬಂಧಿಕರು ಕೂರುವ ಪದ್ಧತಿ ಇರಲಿಲ್ಲ. ರುಬೀನಾ ಗೌನು ಟೊಪ್ಪಿಗೆ ತೊಡಿಸಿ ಒಂದು ಸ್ಟೂಲು ಹಾಕಿದರು.

ಸುಂದರಬಾಯಿ ಇಡೀ ದಿನ ಗಂಡನ ಎಡಗೈ ಹಿಡಿದು ಕೂತರು. ಕೂತು ಸುಮ್ಮನಿದ್ದರೇ? ಬೈದರು. ಎಮ್ಮೆ ಈದದ್ದು, ತೊಗರಿ ಒಕ್ಕಿದ್ದು, ಬೀಗರು ಬಂದು ಹೋದದ್ದು, ಎಲ್ಲಾ ಹೇಳಿ ನಡುನಡುವೆ ಬೈದರು. ಆಮ್ರಪಾಲಿ ಮುತ್ಯಾನ ಕನ್ನಡಕ ತರಿಸಿ ಹಾಕಿದಳು, ಕಿಟಕಿಯ ಪರದೆ ಸರಿಸಿ ಬಿಸಿಲು ಬಿಟ್ಟಳು, ಇದು ಯಾವ ಊರು, ಇವತ್ತು ಯಾವ ವಾರ ಎಂದು ತಾಸಿಗೊಮ್ಮೆ ಹೇಳಿದಳು. ಮಧ್ಯಾಹ್ನ ತೋಳಿಗೆ ಪಟ್ಟಿ ಬಿತ್ತು. ಬಲಗೈ ಮೂರ್ನಾಲ್ಕು ಸಲ ಎಡಗೈಯನ್ನು ಹುಡುಕಿಕೊಂಡು ಬಂದು, ಅಲ್ಲಿ ಹೆಂಡತಿಯ ಕೈ ಕಂಡು, ಅದನ್ನೇ ಸವರಿ ಹಿಂದಕ್ಕೆ ಹೋಯಿತು. ಆ ರಾತ್ರಿ ಮುತ್ಯಾನಿಗೆ ನಿದ್ದೆ ಬಂತಂತೆ. ಮಾರನೆಯ ಬೆಳಗ್ಗೆ ಆಮ್ರಪಾಲಿ ಒಳಗೆ ಬಂದಾಗ ಬಸವಣಪ್ಪನವರು ಮಾಸ್ಕಿನೊಳಗಿಂದ, "ಸುಂದರಾ, ಮುಂಜಾನಿಂದ ಒದರಾಕತ್ತೀ, ಒಂದು ಗಳಿಗಿ ಸುಮ್ಮ ಕೂಡು," ಎನ್ನುತ್ತಿದ್ದರು. ಹೆಂಡತಿ ಬಿಕ್ಕಿ ಬಿಕ್ಕಿ ಅಳುತ್ತ ನಗುತ್ತಿದ್ದರು.

ಐದನೆಯ ದಿನ ಅವರನ್ನು ಸಾದಾ ವಾರ್ಡಿಗೆ ಹಾಕಿದ್ದರು. ಮರುದಿನ ಮನೆಗೆ ಕಳಿಸುವವರಿದ್ದರು. ಊಟದ ಬಿಡುವಿನಲ್ಲಿ ಆಮ್ರಪಾಲಿ ನೋಡಲು ಹೋದಳು. ಕಿಟಕಿಯ ಪಕ್ಕದ ಮಂಚದ ಮೇಲೆ ಅವರು ಕಾಲು ಮಡಚಿ ಕೂತಿದ್ದರು, ಮಾಸ್ಕಿಲ್ಲ, ಕೊಳವೆಯಿಲ್ಲ. ಮಣಿಕಟ್ಟಿನ ಕೆಂಪು ಬಳೆ ಮಾಸಿತ್ತು.

"ಬಾ ಅವ್ವಿ. ನನ್ನ ಗುಟ್ಟು ಒಡದಾಕಿ ನೀನ ಏನು?"

"ನಾ ಅಲ್ರಿ ಮುತ್ಯಾ. ನಿಮ್ಮ ಕೈಯ ಹೇಳ್ತು."

ಅವರು ಹೋ ಎಂದು ನಕ್ಕು ಕೆಮ್ಮಿದರು. ಊರಿಗೆ ಹೋದ ಮೇಲೆ ಸಂಘ ಕೂಡಿಸಿ ಎಲ್ಲರ ಮುಂದೆ ತಪ್ಪೊಪ್ಪಿಕೊಂಡು ಮೊದಲಿಂದ ಬಿಡುತ್ತೇನೆ ಎಂದರು. ಸಂಗಪ್ಪನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರಂತೆ. "ಈ ಸಲ ಖರೆ. ಪಟ್ಟಿ ಅದ, ಸುಂದರಾ ಅದಾಳ." ಆಮೇಲೆ ಕೇಳಿದರು, "ಯಾ ಊರು ನಿಂದು? ಯಾರ ಮಗಳು?"

"ರಾಜೇಶ್ವರ. ಜ್ಞಾನೇಶ್ವರನ ಮಗಳು. ಬುದ್ಧವಿಹಾರದ ಓಣಿ." ಓಣಿಯ ಹೆಸರನ್ನು ಅವಳು ಬೇಕೆಂದೇ ಸೇರಿಸಿ ಹೇಳಿದಳು. ಹಾಗೆ ಹೇಳುವುದು ಅವಳ ರೂಢಿ. "ನಮ್ಮಪ್ಪನೂ ತಂಬಾಕ ತಿಂತಿದ್ದ. ಹೊಲದ ಮಾಲಕರು ತಾವು ತಿಕ್ಕಿ ಉಳದದ್ದು ಕೊಡ್ತಿದ್ರಂತ. ಮ್ಯಾಲಿಂದ ಉದರಸ್ತಿದ್ರಂತ, ಕೈ ತಾಕಬಾರದಂತ. ಅಪ್ಪ ಎರಡೂ ಕೈ ಕೂಡಿಸಿ ಹಿಡಕೋತಿದ್ದ. ಅದನ್ನ ಹೇಳಿ ಅವನು ನಗತಿದ್ದ. ನನಗ ನಗಿ ಬರತಿದ್ದಿಲ್ಲ."

ಬಸವಣಪ್ಪನವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ತಾವೂ ಹೊಲದ ಮಾಲಕರೇ. ಹೆಂಡತಿಯ ಕಡೆ ತಿರುಗಿ ಎಡಗೈ ಚಾಚಿದರು. ಸುಂದರಬಾಯಿ ಸೊಂಟದಿಂದ ಅದೇ ಹಿತ್ತಾಳೆ ಡಬ್ಬಿ ತೆಗೆದಾಗ ಆಮ್ರಪಾಲಿಯ ಹುಬ್ಬು ಮೇಲೇರಿತು.

"ಗಾಬರಿ ಆಗಬ್ಯಾಡ. ತಿಕ್ಕಿ ತೊಳದು ಬಡೇಸೋಪು ತುಂಬೀನಿ. ಕೈ ಸುಮ್ಮ ಕೂಡವಲ್ದು ಇವರದು."

ಅಂಗೈಗೆ ಸೋಂಪಿನ ಕಾಳು ಬಿತ್ತು. ಮುತ್ಯಾನ ಹೆಬ್ಬೆರಳು ಅದನ್ನು ನಿಧಾನಕ್ಕೆ, ಹದವಾಗಿ ತಿಕ್ಕಿತು. ಪಟ್, ಪಟ್, ಪಟ್. ಸಿಪ್ಪೆಯನ್ನು ಊದಿದರು. ಆಮೇಲೆ ತೆರೆದ ಅಂಗೈಯನ್ನು ಆಮ್ರಪಾಲಿಯ ಮುಂದೆ ಹಿಡಿದರು. ಅವಳ ಕೈಗಿಂತ ಕೆಳಗೆ.

"ಮೊದಲ ನೀ ತಗೋ."

ಆಮ್ರಪಾಲಿ ಎರಡು ಬೆರಳು ಮುಂದೆ ಮಾಡಿ, ಆ ಬೆಚ್ಚಗಿನ ಅಂಗೈಯಿಂದ ಒಂದು ಚಿಟಿಕೆ ಎತ್ತಿಕೊಂಡಳು. ಅವಳು ಬಾಯಿಗೆ ಹಾಕಿಕೊಳ್ಳುವ ತನಕ ಅವರು ಕೈಯನ್ನು ಹಾಗೇ ಹಿಡಿದಿದ್ದರು. ಆಮೇಲೆ ಉಳಿದದ್ದನ್ನು ತಾವು ಹಾಕಿಕೊಂಡರು.